ಬಾನೆಟ್ಟಿನಲ್ಲಿ ಹೊಗೆಸೊಪ್ಪು

ಹೋದ ವಾರ ಬನಶಂಕರಿಯ ಗ್ಯಾರೇಜಿನಲ್ಲಿ ಹೊಸ ಮೆಕ್ಯಾನಿಕ್ ನನ್ನ ಕಾರಿನ ಬಾನೆಟ್ ಎತ್ತಿದವನು ಹಾಗೇ ನಿಂತುಬಿಟ್ಟ. ಬ್ಯಾಟರಿಯ ಪಕ್ಕದಿಂದ ಒಂದು ಸಣ್ಣ ಬಟ್ಟೆಗಂಟನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, ಮೂಸಿ, ಆಮೇಲೆ ನನ್ನ ಮುಖ ನೋಡಿದ. ಎದುರಿಗಿದ್ದದ್ದು ಐವತ್ತು ದಾಟಿದ, ದಪ್ಪ ಕನ್ನಡಕದ, ಹೈಸ್ಕೂಲಿನಲ್ಲಿ ಗಣಿತ ಹೇಳುವ ಹೆಂಗಸು. ದನಿ ತಗ್ಗಿಸಿ, "ಮೇಡಂ, ಇದು ಹೊಗೆಸೊಪ್ಪು. ನಿಮ್ದಾ?" ಎಂದ. ಮನೆಯವರ ಕಣ್ಣು ತಪ್ಪಿಸಿ ಇಲ್ಲಿ ಬಚ್ಚಿಟ್ಟಿದ್ದೇನೆ ಅಂದುಕೊಂಡನೋ ಏನೋ, ಪಾಪ.

ಇಲಿಗೆ ಇಟ್ಟಿದ್ದು ಎಂದೆ. ಅವನು ತಲೆಯಾಡಿಸಿದ, ಆದರೆ ನಂಬಲಿಲ್ಲ. ಗಂಟು ಬಿಚ್ಚಿ ನೋಡಿದರೆ ಎಲೆ ಪುಡಿಪುಡಿಯಾಗಿತ್ತು. ಘಾಟು ಮಾತ್ರ ಇನ್ನೂ ಒಂದಿಷ್ಟು ಉಳಿದಿತ್ತು. ಅದು ಮೂಗಿಗೆ ಬಡಿದದ್ದೇ ತಡ, "ರೀಡಿಂಗ್ ಎಷ್ಟಾಗಿದೆ ಮೇಡಂ?" ಎಂದು ಯಾರೋ ಹಿಂದಿನಿಂದ ಕೇಳಿದಂತಾಯಿತು... ತಿರುಗಿ ನೋಡಿದೆ ಕೂಡ. ಯಾರೂ ಇರಲಿಲ್ಲ.

ಆ ಪ್ರಶ್ನೆ ಕೇಳುತ್ತಿದ್ದವರನ್ನು ನಾವೆಲ್ಲ ಕರೆಯುತ್ತಿದ್ದದ್ದು ಅಡ್ಮಿನ್ ಸಾರ್ ಎಂದು. ಗಿರಿನಗರದ ಅವರ ಬೀದಿಯ ಸೊಪ್ಪಿನವಳೂ ಹಾಗೇ ಕರೆಯುತ್ತಿದ್ದಳು. ಅದು ಸರ್ಕಾರದ ಯಾವುದೋ ದೊಡ್ಡ ಹುದ್ದೆ ಎಂದು ಅವಳ ನಂಬಿಕೆ. ನಿಜಕ್ಕೂ ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಲೈನಿನ ದೋಷ ಹುಡುಕುವ ವಿಭಾಗದಲ್ಲಿದ್ದು ನಿವೃತ್ತರಾದವರು. ಮೂವತ್ತು ವರ್ಷ ಕಿವಿಗೆ ರಿಸೀವರ್ ಹಚ್ಚಿಕೊಂಡು, ಗೊರಗೊರ ಅಂದರೆ ಏನು, ಚಿಟಿಚಿಟಿ ಅಂದರೆ ಏನು ಎಂದು ಹೇಳಿದವರು. ನಿವೃತ್ತಿಯ ಮೇಲೆ ಆ ಕಿವಿಯನ್ನು ನಮ್ಮ ಕಾರುಗಳಿಗೆ ಕೊಟ್ಟರು.

ನಮ್ಮ ಕಾರು ಎಂದರೆ ಒಂದು ಕಂಪನಿಯ ಕಾರು. ಕಂಪನಿಯ ಹೆಸರು ಬೇಡ. ಅದು ದೇಶ ಬಿಟ್ಟು ಹೋಗುವಾಗ ನಮಗೆ ಹೇಳಿ ಹೋಗಲಿಲ್ಲ, ನಾನೇಕೆ ಅದರ ಹೆಸರು ಹೇಳಲಿ? ನಾನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ಸಿಹಿ ಹಂಚಿ ಮುಗಿಸುವಷ್ಟರಲ್ಲಿ ಅದು ಗಂಟುಮೂಟೆ ಕಟ್ಟಿತ್ತು. ಶೋರೂಮು ಇದ್ದಲ್ಲಿ ಸೀರೆ ಅಂಗಡಿ ಬಂತು. ಒಂದು ಸಣ್ಣ ರಬ್ಬರ್ ಬೇಕೆಂದರೂ ಊರೆಲ್ಲ ಅಲೆಯಬೇಕು. ಇಂಥ ಅನಾಥ ಕಾರುಗಳ ಒಡೆಯರನ್ನೆಲ್ಲ ಒಟ್ಟುಮಾಡಿ ಅಡ್ಮಿನ್ ಸಾರ್ ಒಂದು ವಾಟ್ಸ್ಯಾಪ್ ಗ್ರೂಪ್ ಮಾಡಿದ್ದರು. ಯಾವ ಪಾರ್ಟು ಎಲ್ಲಿ ಸಿಗುತ್ತದೆ, ಯಾವ ಮೆಕ್ಯಾನಿಕ್ ನಂಬಿಕಸ್ಥ, ಈ ಕಾರು ಇನ್ನೆಷ್ಟು ದಿನ ಓಡೀತು, ಎಲ್ಲಕ್ಕೂ ಅಲ್ಲಿ ಉತ್ತರವಿತ್ತು.

ಉತ್ತರಕ್ಕಿಂತ ಹೆಚ್ಚಾಗಿ ನಿಯಮಗಳಿದ್ದವು. ಪ್ರಶ್ನೆ ಕೇಳುವ ಮುಂಚೆ ರೀಡಿಂಗ್, ಅಂದರೆ ಕಾರು ಎಷ್ಟು ಕಿಲೋಮೀಟರ್ ಓಡಿದೆ ಎಂದು ಬರೆಯಬೇಕು. ಹೂವಿನ ಚಿತ್ರ ಹಾಕಿ ಗುಡ್ ಮಾರ್ನಿಂಗ್ ಹೇಳಬಾರದು. ಕಾರಿನ ಫೋಟೋ ಹಾಕುವಾಗ ನಂಬರ್ ಪ್ಲೇಟ್ ಮುಚ್ಚಬೇಕು. ಬಾನೆಟ್ಟಿನಲ್ಲಿ ಹೊಗೆಸೊಪ್ಪು ಕಟ್ಟಬೇಕು, ಏಕೆಂದರೆ ನಮ್ಮ ಕಾರಿನ ವೈರು ಒಮ್ಮೆ ಇಲಿ ಕಡಿದರೆ ಮತ್ತೆ ಸಿಗುವುದಿಲ್ಲ. ಇದಕ್ಕಾಗಿ ಅವರು ತಿಂಗಳಿಗೊಮ್ಮೆ ತಿಲಕ್ ನಗರದ ಒಂದು ಎಲೆ-ಅಡಿಕೆ ಅಂಗಡಿಗೆ ಹೋಗಿ ಕಟ್ಟುಗಟ್ಟಲೆ ಹೊಗೆಸೊಪ್ಪು ತಂದು ಎಲ್ಲರಿಗೂ ಹಂಚುತ್ತಿದ್ದರು. ಎಲೆ-ಅಡಿಕೆಯನ್ನು ಬಾಯಿಗೇ ಹಾಕದ ಮನುಷ್ಯ! ಅಂಗಡಿಯವನು ಇವರನ್ನು ಕಂಡ ಕೂಡಲೇ ಅಯ್ಯೋ ಎಂಬಂತೆ ನೋಡುತ್ತಾನೆ ಎಂದು ಅವರೇ ಹೇಳಿ ನಗುತ್ತಿದ್ದರು.

ಎಲ್ಲಕ್ಕಿಂತ ಕಠಿಣವಾದದ್ದು ಏಳನೆಯ ನಿಯಮ. ಕಾರು ಮಾರಿದವರು ಅದೇ ದಿನ ಗ್ರೂಪಿಗೆ ತಿಳಿಸಿ, ನಮಸ್ಕಾರ ಹೇಳಿ ಹೊರಹೋಗಬೇಕು. ಕಾರು ಇಲ್ಲದವನ ಸಲಹೆ ನೀರಿಗಿಳಿಯದವನ ಈಜಿನ ಪಾಠ ಎಂದು ಅವರ ವಾದ. ಎಷ್ಟೋ ಜನ ಹಾಗೆ ಹೋದರು. ಒಬ್ಬರಂತೂ ಕಾರು ಮಾರಿದ ಮೇಲೂ ಸುಮ್ಮನೆ ಒಂದು ಮೂಲೆಯಲ್ಲಿ ಇರುತ್ತೇನೆ, ಏನೂ ಬರೆಯುವುದಿಲ್ಲ ಎಂದು ಗೋಗರೆದರು. ಅಡ್ಮಿನ್ ಸಾರ್ ಕರಗಲಿಲ್ಲ.

ನನಗೂ ಅವರಿಗೂ ಪರಿಚಯವಾದದ್ದು ಒಂದು ಶಬ್ದದಿಂದ. ಎಡಕ್ಕೆ ತಿರುಗಿಸಿದಾಗಲೆಲ್ಲ ನನ್ನ ಕಾರಿನ ಹಿಂದಿನಿಂದ ಗುಡುಗುಡು ಎಂದು ಏನೋ ಉರುಳಿ ಡಬ್ ಎನ್ನುತ್ತಿತ್ತು. ಶಾಕ್ ಅಬ್ಸಾರ್ಬರ್ ಎಂದರು ಗ್ರೂಪಿನವರು. ಬದಲಾಯಿಸಿದೆ. ಅಲ್ಲ, ಬುಷ್ ಎಂದರು. ಅದನ್ನೂ ಬದಲಾಯಿಸಿದೆ. ಆಮೇಲೆ ಅಡ್ಮಿನ್ ಸಾರ್ ಆಡಿಯೋ ಕಳಿಸಲು ಹೇಳಿ, ಮೂರು ಸಲ ಕೇಳಿ, ಎಲ್ಲರೆದುರಿಗೇ ಬರೆದರು: ಇದು ಲೋಹದ ಸದ್ದಲ್ಲ, ಡಿಕ್ಕಿಯಲ್ಲಿ ಏನಾದರೂ ತಿನ್ನುವ ಪದಾರ್ಥ ಇದೆಯೇ ನೋಡಿ. ನೋಡಿದೆ. ಆಯುಧಪೂಜೆಯ ದಿನ ಒಡೆಯಲು ಮರೆತ ತೆಂಗಿನಕಾಯಿ ಸ್ಟೆಪ್ನಿಯ ಹಿಂದೆ ಕೂತು, ನಾಲ್ಕು ತಿಂಗಳಲ್ಲಿ ಹದವಾದ ಕೊಬ್ಬರಿಯಾಗಿತ್ತು.

ಮರುದಿನ ಗ್ರೂಪಿಗೆ ಹೊಸ ನಿಯಮ ಬಂತು: ಯಾವುದೇ ಸದ್ದಿನ ಬಗ್ಗೆ ಕೇಳುವ ಮುಂಚೆ ಡಿಕ್ಕಿ ಖಾಲಿ ಮಾಡಿ ನೋಡತಕ್ಕದ್ದು. ಇಪ್ಪತ್ತು ವರ್ಷ ಪಾಠ ಹೇಳಿದ್ದರಿಂದ ಬಾರದ ಕೀರ್ತಿ ಆ ಕೊಬ್ಬರಿಯಿಂದ ನನಗೆ ಬಂತು. ಅವರ ಮನೆ ನಮ್ಮ ಮನೆಯಿಂದ ಎರಡೇ ಬೀದಿ ಎಂದು ಗೊತ್ತಾದದ್ದೂ ಆಗಲೇ. ಆ ಕೊಬ್ಬರಿಯಲ್ಲೇ ಚಟ್ನಿಪುಡಿ ಮಾಡಿ ಕೊಟ್ಟು ಬಂದೆ.

ಎರಡು ವರ್ಷ ಹೀಗೇ ಕಳೆಯಿತು. ಆಮೇಲೆ ಅಡ್ಮಿನ್ ಸಾರ್ ತಮ್ಮ ಕಾರು ಓಡಿಸುವುದು ನಿಂತಿತು. ಕೇಳಿದರೆ, ವಯಸ್ಸಾದ ಕಾರು, ರೆಸ್ಟಿನಲ್ಲಿದೆ ಎನ್ನುತ್ತಿದ್ದರು. ಅವರ ಮನೆಯ ಮುಂದೆ ಬೂದು ಬಣ್ಣದ ಹೊದಿಕೆ ಹೊದ್ದು ಅದು ನಿಂತಿರುವುದನ್ನು ದಾರಿಯಲ್ಲಿ ಹೋಗುವಾಗ ನಾನೂ ನೋಡುತ್ತಿದ್ದೆ. ಪ್ರತಿ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಜಯನಗರದ ಮೈದಾನವೊಂದರ ಪಕ್ಕ ನಾವೆಲ್ಲ ಕಾರು ಸಾಲಾಗಿ ನಿಲ್ಲಿಸಿ, ಬಾನೆಟ್ ತೆರೆದು, ಒಬ್ಬರದ್ದೊಬ್ಬರು ನೋಡುವ ಪದ್ಧತಿಯಿತ್ತು. ಅಲ್ಲಿಗೂ ಅವರು ಆಟೋದಲ್ಲೇ ಬರುತ್ತಿದ್ದರು.

ಅದೇ ಹೊತ್ತಿಗೆ ಬಿಟಿಎಂನಲ್ಲಿ ಬಾಡಿಗೆಗಿದ್ದ ಗದಗಿನವರೊಬ್ಬರು ಗ್ರೂಪಿಗೆ ಸೇರಿದರು. ಯಾವುದೋ ಆಫೀಸಿನಲ್ಲಿ ಕೆಲಸ, ಮೂವತ್ತರ ಆಸುಪಾಸು. ಡೀಲರ್ ಒಬ್ಬರಿಂದ ಕೊಂಡ, ಹೊಸದಾಗಿ ಕೆಂಪು ಬಣ್ಣ ಬಳಿದ ಕಾರು. ಮಳೆ ಬಂದರೆ ಎಡಗಾಲಿನ ಮೇಲೆ ನೀರು ತೊಟ್ಟಿಕ್ಕುತ್ತದೆ ಎಂದು ಅವರು ಬರೆದರು. ಅಡ್ಮಿನ್ ಸಾರ್ ಫೋಟೋ ಕೇಳಲಿಲ್ಲ, ಏನೂ ಕೇಳಲಿಲ್ಲ. ಡ್ಯಾಷ್‌ಬೋರ್ಡಿನ ಕೆಳಗೆ ಬಲಮೂಲೆಯಲ್ಲಿ ಸೈಕಲ್ ಟ್ಯೂಬಿನ ತುಂಡೊಂದು ತುರುಕಿರುತ್ತದೆ, ಅದು ಜಾರಿದೆ, ಒಳಗೆ ಒತ್ತಿ ಎಂದರು. ಗದಗಿನವರು ಒತ್ತಿದರು, ನೀರು ನಿಂತಿತು. ಗ್ರೂಪಿನ ತುಂಬ ಕೈಮುಗಿದ ಚಿತ್ರಗಳು.

ಮುಂದಿನ ವಾರ ಹಾರನ್ ಹೊಡೆಯುತ್ತಿಲ್ಲ ಎಂದರು. ಸ್ಟೇರಿಂಗನ್ನು ಒಂದು ಚೂರು ಬಲಕ್ಕೆ ಎಳೆದು ಒತ್ತಿ ಎಂದರು ಇವರು. ಹೊಡೆಯಿತು. ಅದರ ಮುಂದಿನ ವಾರ ಸೀಟು ಹಿಂದಕ್ಕೆ ಹೋಗುತ್ತಿಲ್ಲ ಎಂದಾಗ, ಸೀಟಿನ ಕಂಬಿಯಲ್ಲಿ ಒಂದು ಹೇರ್‌ಪಿನ್ ಸಿಕ್ಕಿಕೊಂಡಿರುತ್ತದೆ ನೋಡಿ ಎಂದು ಬರೆದರು. ಸಿಕ್ಕಿತ್ತು. ಅಡ್ಮಿನ್ ಸಾರ್‌ಗೆ ದಿವ್ಯದೃಷ್ಟಿ ಬಂದಿದೆ ಎಂದು ಜೆಪಿ ನಗರದವರೊಬ್ಬರು ಬರೆದೇಬಿಟ್ಟರು. ಆಮೇಲೆ ಎಲ್ಲರೂ ತಮ್ಮ ತಮ್ಮ ಕಾರಿನ ಜಾತಕ ಕೇಳಲು ಹಿಡಿದರು. ನಮಗೆಲ್ಲ ಮಾತ್ರ ಅವರ ಉತ್ತರ ಹಳೆಯದೇ: ತಂದು ತೋರಿಸಿ, ಸದ್ದು ಕೇಳಬೇಕು.

ನನಗೆ ಎಲ್ಲೋ ಲೆಕ್ಕ ತಾಳೆಯಾಗಲಿಲ್ಲ. ಒಂದೇ ಮಾಡೆಲ್ಲಿನ ಕಾರುಗಳಿಗೆ ಒಂದೇ ರೋಗ ಬರಬಹುದು. ಒಂದೇ ಹೇರ್‌ಪಿನ್ ಹೇಗೆ ಬರುತ್ತದೆ?

ಉತ್ತರ ಸಿಕ್ಕಿದ್ದು ಒಂದು ಶನಿವಾರ. ನನ್ನ ಕಾರಿನ ವೈಪರಿನ ನೀರಿನ ಕೊಳವೆ ಕಳಚಿಕೊಂಡಿತ್ತು. ಅದು ಯಾವ ಕಡೆಯಿಂದ ಹೋಗುತ್ತದೆಂದು ಅಡ್ಮಿನ್ ಸಾರ್ ಕಾರು ನೋಡಿ ಫೋಟೋ ತೆಗೆದುಕೊಳ್ಳೋಣವೆಂದು ಹೋದೆ. ಅವರು ಹೊರಗೆ ಹೋಗಿದ್ದರು. ಅವರ ಹೆಂಡತಿ, ನಾನು ಆಂಟಿ ಎಂದು ಕರೆಯುವವರು, ನನ್ನನ್ನು ಕೂರಿಸಿ, ಕುಕ್ಕರ್ ಕೂಗಿತೆಂದು ಒಳಗೆ ಓಡಿದರು. ನನಗೆ ಮೊದಲಿನಿಂದಲೂ ತಾಳ್ಮೆ ಕಡಿಮೆ. ಎದ್ದು ಹೋಗಿ ಹೊದಿಕೆಯ ತುದಿ ಎತ್ತಿದೆ.

ಕೆಳಗೆ ಕಾರಿರಲಿಲ್ಲ. ಒಂದು ಹಳೆಯ ಬೆತ್ತದ ಸೋಫಾ ಇತ್ತು. ಅದರ ಮುಂದೆ ಇಸ್ತ್ರಿ ಮೇಜು, ಹಿಂದೆ ಎರಡು ನೀಲಿ ಡ್ರಮ್ಮು, ನಡುವೆ ಮೇಲ್ಛಾವಣಿಯ ಎತ್ತರಕ್ಕೆಂದು ಸೋಫಾದ ಮೇಲೆ ಬೋರಲು ಹಾಕಿದ ಬೆತ್ತದ ಬುಟ್ಟಿ. ಹೊದಿಕೆಯಲ್ಲಿ ಕನ್ನಡಿಗಳಿಗೆಂದು ಎರಡು ಕಿವಿಗಳಿರುತ್ತವಲ್ಲ, ಅವು ಜೋತು ಬೀಳಬಾರದೆಂದು ಒಳಗೆ ಬಚ್ಚಲುಮನೆಯ ಎರಡು ಪ್ಲಾಸ್ಟಿಕ್ ಮಗ್ಗುಗಳನ್ನು ತುರುಕಿದ್ದರು. ಒಂದು ಕೆಂಪು, ಒಂದು ಹಸಿರು. ಸೋಫಾದ ಕೈಗೆ, ಅಚ್ಚುಕಟ್ಟಾಗಿ, ಒಂದು ಹೊಗೆಸೊಪ್ಪಿನ ಗಂಟು ಕಟ್ಟಿತ್ತು.

ನಾನು ನಗಬೇಕೋ ಏನು ಮಾಡಬೇಕೋ ತಿಳಿಯದೆ ಹೊದಿಕೆಯ ತುದಿ ಹಿಡಿದು ನಿಂತಿದ್ದಾಗ ಆಂಟಿ ಕಾಫಿ ಹಿಡಿದು ಹೊರಗೆ ಬಂದರು. "ನೋಡ್ಬಿಟ್ರಾ?" ಎಂದರು. ಲೋಟ ನನ್ನ ಕೈಗೆ ಕೊಟ್ಟು ಮೆಟ್ಟಿಲ ಮೇಲೆ ಕೂತರು.

ಅಡ್ಮಿನ್ ಸಾರ್‌ಗೆ ಕಣ್ಣಿನ ಒಳಗೆ ಒತ್ತಡದ ಕಾಯಿಲೆ, ಪಕ್ಕದ್ದು ಕಾಣಿಸುವುದಿಲ್ಲ. ಎರಡು ಸಲ ಕಾಂಪೌಂಡಿಗೆ ಗುದ್ದಿದ್ದರು. ಮೂರನೇ ಸಲ ಎದುರುಮನೆಯ ತುಳಸಿಕಟ್ಟೆಗೆ ಗುದ್ದಿದಾಗ ಆಂಟಿ ಡೀಲರನ್ನು ಕರೆಸಿ ಕಾರು ಕೊಟ್ಟುಬಿಟ್ಟರು. "ಕಾರು ಮಾರಿಸಿದ್ದು ನಾನು. ಗ್ರೂಪು ಬಿಡಿಸೋಕೆ ನನ್ ಕೈಲಾಗ್ಲಿಲ್ಲಮ್ಮ. ಅದೂ ಹೋದ್ರೆ ಇವ್ರು ಅಡುಗೆಮನೆ ಬಾಗ್ಲಲ್ಲಿ ಕೂತ್ಕೊಂಡು ನನ್ ಮಿಕ್ಸಿ ಸೌಂಡು ಸರಿ ಇಲ್ಲ ಅಂತಾರೆ," ಎಂದರು. ಆಮೇಲೆ, ಗದಗಿನವರು ಮೊದಲ ದಿನ ಗ್ರೂಪಿಗೆ ಎಂಜಿನ್ನಿನ ಆಡಿಯೋ ಹಾಕಿದಾಗ ಇವರು ತಿಂಡಿಯ ತಟ್ಟೆ ಬಿಟ್ಟು ಎದ್ದದ್ದನ್ನು ಹೇಳಿದರು. "ನಮ್ದು ಕಣೇ, ನಮ್ದು ಅಂದ್ರು. ಕೈ ತೊಳೀಲೇ ಇಲ್ಲ, ಹಾಗೇ ಕೂತು ಕೇಳ್ತಿದ್ರು."

ಈಗ ಗ್ರೂಪಿನಿಂದ ಹೊರಗೆ ಬಿದ್ದರೆ ಹೋಗುವುದು ಬರೀ ಅಡ್ಮಿನ್‌ಗಿರಿಯಲ್ಲ, ಆ ಕಾರಿನ ಸುದ್ದಿಯೂ ಹೋಗುತ್ತದೆ. ಯಾರಿಗೂ ಹೇಳುವುದಿಲ್ಲ ಎಂದು ಆಂಟಿಗೆ ಮಾತು ಕೊಟ್ಟು, ಮಗ್ಗುಗಳನ್ನು ಮೊದಲಿನಂತೆ ತುರುಕಿ, ಹೊದಿಕೆ ಎಳೆದು ಬಂದೆ. ಅವತ್ತಿನಿಂದ ಗುಟ್ಟು ಕಾಯುವ ಕೆಲಸ ನನ್ನದಾಯಿತು. ಗದಗಿನವರು ಏನಾದರೂ ಕೇಳಿದ ಕೂಡಲೇ ಅಡ್ಮಿನ್ ಸಾರ್ ಉತ್ತರಿಸುವ ಮುಂಚೆ ನಾನೇ ಏನಾದರೊಂದು ತಪ್ಪು ಉತ್ತರ ಬರೆದು ಮಧ್ಯೆ ಬೀಳುತ್ತಿದ್ದೆ.

ಆ ತಿಂಗಳ ಕೊನೆಯ ಭಾನುವಾರ ತಮ್ಮ ಗಾಡಿ ತರುತ್ತೇನೆಂದು ಗದಗಿನವರು ಬರೆದರು. ನಾನು ಅಡ್ಮಿನ್ ಸಾರ್‌ಗೆ ಫೋನ್ ಮಾಡಿ, ಮೋಡ ಇದೆ, ಶೀತ ಆಗುತ್ತೆ, ನೀವು ಬರಬೇಡಿ ಸಾರ್ ಎಂದೆ. ಬರ್ತೀನಿ ಮೇಡಂ ಎಂದರು. ದನಿಯಲ್ಲಿ ಮದುವೆ ಮನೆಗೆ ಹೊರಟವರ ಸಡಗರ.

ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ಕಾರು ಇನ್ನೂ ತಿರುವಿನಾಚೆ ಇದ್ದಾಗಲೇ ತಲೆಯೆತ್ತಿದರು. ನನ್ನ ಪಕ್ಕ ನಿಂತು ಮೆಲ್ಲಗೆ, "ಬೆಲ್ಟ್ ಬದ್ಲಾಯ್ಸಿದಾನೆ, ಜಾಣ," ಎಂದರು. ಕೆಂಪು ಕಾರು ಬಂದು ನಿಂತಿತು. ಎಲ್ಲ ಸರಿಯಾಗಿಯೇ ಮುಗಿಯುತ್ತಿತ್ತು, ಡಿಕ್ಕಿ ತೆರೆದಿದ್ದರೆ. ನಮ್ಮ ಪದ್ಧತಿಯಂತೆ ಮೊದಲು ಡಿಕ್ಕಿ ಖಾಲಿ ಮಾಡಿ ನೋಡಬೇಕಲ್ಲ. ಅದು ಜಪ್ಪಯ್ಯ ಎಂದರೂ ತೆರೆಯಲಿಲ್ಲ. ಐದು ಜನ ಎಳೆದರು, ಒಬ್ಬರು ಫೋನಿನಲ್ಲಿ ವಿಡಿಯೋ ಹುಡುಕಿದರು. ಕಾರಿಗೆ ನೋವಾಗುತ್ತಿರುವುದನ್ನು ನೋಡಲಾಗದೆ ಇರಬೇಕು, ಅಡ್ಮಿನ್ ಸಾರ್ ಎಲ್ಲರನ್ನೂ ಸರಿಸಿ ಮುಂದೆ ಹೋದರು. ನಂಬರ್ ಪ್ಲೇಟಿನ ಕೆಳಗೆ ಎರಡು ಬೆರಳು ಹಾಕಿ, ಎಡ ಮೊಣಕೈಯಿಂದ ಮೂಲೆಗೊಂದು ಗುದ್ದು ಕೊಟ್ಟರು. ತೆರೆಯಿತು.

ಎಲ್ಲರ ಕಣ್ಣೂ ಅವರ ಮೊಣಕೈಯ ಮೇಲೆ. ನನ್ನ ಬಾಯಿ ಸುಮ್ಮನಿರದೆ, ನಮ್ಮ ಎಲ್ಲ ಕಾರಿನ ಡಿಕ್ಕಿಯೂ ಹೀಗೇ ತೆಗೆಯೋದು ಎಂದೆ. ಜೆಪಿ ನಗರದವರು ತಕ್ಷಣ ಹೋಗಿ ನನ್ನ ಕಾರಿನ ಡಿಕ್ಕಿಗೆ ಒಂದು ಬೆರಳು ತಾಗಿಸಿದರು. ಅದು ಹೂವಿನಂತೆ ತೆರೆದುಕೊಂಡಿತು. ಹಾಳಾದ ಡಿಕ್ಕಿ.

ಗದಗಿನವರು ಅಡ್ಮಿನ್ ಸಾರ್ ಮುಖವನ್ನೇ ನೋಡುತ್ತಿದ್ದರು. "ಸರ್, ಇದು ನಿಮ್ಮ ಗಾಡಿ ಏನ್ರಿ?" ಎಂದು ಮೆಲ್ಲಗೆ ಕೇಳಿದರು.

"ನಂದೇ ಆಗಿತ್ತಪ್ಪ. ಈಗ ನಿಂದು," ಎಂದರು. "ಹೊಗೆಸೊಪ್ಪು ಬದ್ಲಾಯ್ಸ್ತಿದೀಯ ತಾನೆ?"

ಅದೇನೋ ಕಸ ಅಂದುಕೊಂಡು ಒಗೆದುಬಿಟ್ಟಿದ್ದೆ ಎಂದು ಆತ ತಲೆ ತಗ್ಗಿಸಿದರು. ಸಿಕ್ಕಿಬಿದ್ದಾಗ ಬಾಡದಿದ್ದ ಅಡ್ಮಿನ್ ಸಾರ್ ಮುಖ ಆಗ ಬಾಡಿತು. ಅಡ್ಮಿನ್ ಸಾರ್ ಜೇಬಿನಿಂದ ಒಂದು ಗಂಟು ತೆಗೆದು, ಬಾನೆಟ್ಟಿನೊಳಗೆ ಬಗ್ಗಿ, ಬ್ಯಾಟರಿಯ ಪಕ್ಕ ತಡಕಾಡಿ ಕಟ್ಟಿದರು. ಆಮೇಲೆ ಎಲ್ಲರ ಜೊತೆ ದರ್ಶಿನಿಗೆ ಬಂದು ಇಡ್ಲಿ ತಿಂದರು. ಅಷ್ಟು ಮೌನವಾಗಿ ನಾವು ಯಾವತ್ತೂ ಇಡ್ಲಿ ತಿಂದಿರಲಿಲ್ಲ.

ಮಧ್ಯಾಹ್ನ ನಾನು ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದಾಗ ಅವರ ಸಂದೇಶ ಬಂತು. ಕಾರು ಎಷ್ಟು ಓಡಿದೆ ಎಂದು ಮೊದಲು ಬರೆದಿದ್ದರು, ನಿಯಮದಂತೆ. ಏಳನೇ ನಿಯಮದ ಪ್ರಕಾರ ಹೊರಹೋಗುತ್ತಿದ್ದೇನೆ, ಎಂಟು ತಿಂಗಳು ತಡವಾಗಿದೆ, ಎಲ್ಲರೂ ಕ್ಷಮಿಸಿ ಎಂದಿತ್ತು. ಹೋಗಿಯೇಬಿಟ್ಟರು. ಇದ್ದ ಒಬ್ಬ ಅಡ್ಮಿನ್ ಹೋದರೆ ವಾಟ್ಸ್ಯಾಪ್ ತಾನೇ ಯಾರ ತಲೆಗಾದರೂ ಕಿರೀಟ ಇಡುತ್ತದಂತೆ. ನೀವೀಗ ಅಡ್ಮಿನ್ ಎಂದು ನನ್ನ ಫೋನು ಹೇಳಿತು. ನಾನು ಮಾಡಿದ ಮೊದಲ ಕೆಲಸ ಅವರನ್ನು ಮತ್ತೆ ಸೇರಿಸಿದ್ದು. ಹೊರಟುಹೋದರು. ಮತ್ತೆ ಸೇರಿಸಿದೆ. ಮತ್ತೆ ಹೋದರು. ಮೂರನೇ ಸಲ ಅವರೇ ಫೋನ್ ಮಾಡಿದರು.

"ಎಷ್ಟು ಜನರನ್ನ ನಾನೇ ಕಳ್ಸಿದೀನಿ ಮೇಡಂ. ಗೋಗರೆದೋರನ್ನೂ ಕಳ್ಸಿದೀನಿ. ಬೇಲೀನೇ ಎದ್ದು ಹೊಲ ಮೇಯ್ದಂಗೆ ಆಯ್ತು ನಂದು. ಬೇಡ, ಬಿಟ್ಬಿಡಿ," ಎಂದರು. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ಅದಕ್ಕೆ ಮುಂಚೆ ಕೇಳಿರಲಿಲ್ಲ. ನನಗೆ ಅಳು ಬಂತು. ಆ ನಿಯಮದ ಮೇಲೆ ಎಲ್ಲಿಲ್ಲದ ಕೋಪವೂ ಬಂತು.

ಅವರು ಗ್ರೂಪಿಗೆ ಮತ್ತೆ ಬರಲಿಲ್ಲ. ಆದರೆ ನಾನೂ ಗಣಿತದವಳು, ಒಂದು ದಾರಿ ಮುಚ್ಚಿದರೆ ಇನ್ನೊಂದರಿಂದ ಉತ್ತರ ತರುವುದು ಗೊತ್ತು. ಗ್ರೂಪಿಗೆ ಬಂದ ಸದ್ದುಗಳನ್ನೆಲ್ಲ ಅವರಿಗೆ ಪ್ರತ್ಯೇಕವಾಗಿ ಕಳಿಸುತ್ತಿದ್ದೆ. ಅವರು ಕೇಳಿ ಹೇಳುತ್ತಿದ್ದರು. ನಾನು ನನ್ನ ಹೆಸರಿನಲ್ಲಿ ಹಾಕುತ್ತಿದ್ದೆ. ಇದಕ್ಕೆ ಯಾವ ನಿಯಮವೂ ಅಡ್ಡ ಬರಲಿಲ್ಲ. ಆರೇ ತಿಂಗಳಲ್ಲಿ ನಾನು ಎಂಥ ಪಂಡಿತೆಯಾದೆನೆಂದರೆ, ಗೊಟ್ಟಿಗೆರೆಯಿಂದ ಒಬ್ಬರು ಕಾರು ತಂದು ನಮ್ಮ ಮನೆ ಮುಂದೆ ನಿಲ್ಲಿಸಿ ಕೈಮುಗಿದರು. ನಾನು ಕಣ್ಣುಮುಚ್ಚಿ ತಲೆದೂಗಿ, ಒಳಗೆ ಹೋಗಿ, ಫೋನ್ ಮಾಡಿ, ಹೊರಗೆ ಬಂದು ಹೇಳಿದೆ.

ಗದಗಿನವರು ವಾರ ಬಿಟ್ಟು ವಾರ ಗಿರಿನಗರಕ್ಕೆ ಬರತೊಡಗಿದರು. ಅಡ್ಮಿನ್ ಸಾರ್ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ರಿಂಗ್ ರೋಡಿನಲ್ಲಿ ಒಂದು ಸುತ್ತು. ಇವರು ಕಣ್ಣುಮುಚ್ಚಿ ಕೂತು, ಈಗ ಗೇರ್ ಬದಲಾಯಿಸು, ಈಗ ಎನ್ನುತ್ತಿದ್ದರಂತೆ. ಹಿಂದೆ ಆಂಟಿ. ಬೆತ್ತದ ಸೋಫಾ ಮನೆಯೊಳಗೆ ಹೋಯಿತು, ಮಗ್ಗುಗಳು ಬಚ್ಚಲಿಗೆ ಮರಳಿದವು.

ಹೋದ ವರ್ಷ ಚಳಿಗಾಲದಲ್ಲಿ ಜ್ವರ ಎಂದು ಆಸ್ಪತ್ರೆಗೆ ಸೇರಿದರು. ನಾಲ್ಕೇ ದಿನ... ನಾನು ಆ ವಾರ ಕಳಿಸಿದ ಒಂದು ಆಡಿಯೋ, ಯಾರದೋ ಕಾರಿನ ಕಿರುಗುಟ್ಟುವ ಸದ್ದು, ಅವರು ಕೇಳಲೇ ಇಲ್ಲ. ಆ ಕಾರಿನವರು ಮತ್ತೆ ಮತ್ತೆ ಕೇಳಿದಾಗ ಗೊತ್ತಿಲ್ಲ ಎಂದು ಬರೆದೆ. ಅಡ್ಮಿನ್ ಆದ ಮೇಲೆ ಮೊದಲ ಸಲ ಬರೆದದ್ದು. ಈಗೀಗ ಅದನ್ನೇ ಹೆಚ್ಚು ಬರೆಯುತ್ತೇನೆ. ಅವರಿಲ್ಲದ ಗ್ರೂಪಿನಲ್ಲಿ ನನಗೆ ಉಳಿದಿರುವ ವಿದ್ಯೆ ಒಂದೇ, ಡಿಕ್ಕಿ ಖಾಲಿ ಮಾಡಿ ನೋಡಿದ್ರಾ ಎಂದು ಕೇಳುವುದು.

ಗ್ಯಾರೇಜಿನಿಂದ ಹೊರಟವಳು ಆ ಪುಡಿಯಾದ ಗಂಟನ್ನು ಎಸೆಯಲಾರದೆ ಪರ್ಸಿನಲ್ಲಿಟ್ಟುಕೊಂಡು ನೇರ ತಿಲಕ್ ನಗರಕ್ಕೆ ಹೋದೆ. ಎಲೆ-ಅಡಿಕೆ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಒಳ್ಳೆ ಘಾಟಿನದ್ದು ಕೊಡಿ, ಕಾರಿನಲ್ಲಿ ಇಲಿ ಬರದ ಹಾಗೆ ಇಡೋಕೆ ಎಂದೆ. ಅಂಗಡಿಯವನು ತೂಗುತ್ತಿದ್ದವನು ತಲೆಯೆತ್ತಿ ನಕ್ಕ.

"ಗಿರಿನಗರದ ಕಡೆಯಿಂದ ಒಬ್ರು ಸಾರ್ ಬರೋರು ಅಕ್ಕ, ಕನ್ನಡಕ ಹಾಕ್ಕೊಂಡು. ಅವ್ರೂ ಇದೇ ಕತೆ ಹೇಳೋರು, ಇಲಿಗೆ ಅಂತ. ಕಟ್ಟುಗಟ್ಟಲೆ ಒಯ್ಯೋರು. ಈಗ ಒಂದ್ ವರ್ಷದಿಂದ ಬಂದೇ ಇಲ್ಲ. ಬಿಟ್ಬಿಟ್ರಾ?"

ಹೌದು ಎಂದೆ.

"ಒಳ್ಳೇದಾಯ್ತು ಬಿಡಿ. ಆ ವಯಸ್ಸಲ್ಲಿ ಬಿಡೋದು ಸುಲಭ ಅಲ್ಲ," ಎಂದ. ನಿಜಕ್ಕೂ ಸಂತೋಷವಾಗಿತ್ತು ಅವನಿಗೆ. "ಇನ್ನು ನೂರು ವರ್ಷ ಇರ್ತಾರೆ ನೋಡಿ."

ನಾನು ಪರ್ಸು ತೆಗೆದೆ. ಎರಡು ಕಟ್ಟು ಕೊಡಿ ಎಂದೆ. ಒಂದು ನನ್ನ ಕಾರಿಗೆ, ಒಂದು ಬಿಟಿಎಂನಲ್ಲಿ ಗದಗಿನವರ ಬಳಿ ಇರುವ ಅವರ ಕಾರಿಗೆ.